ಲೈನ್ (ಪದ)

ಲೈನ್ ಅಥವಾ ಲೈನು ಎಂಬುದು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು ದಿನಬಳಕೆಯಲ್ಲಿ ನೆಲೆಸಿರುವ ನಾಮಪದ. ಗೆರೆ, ಸಾಲು, ಸರದಿ, ವಿದ್ಯುತ್ ತಂತಿ, ರೈಲು ಹಳಿ, ಕೊಳವೆ ಮಾರ್ಗ, ವಸತಿಗೃಹಗಳ ಸಾಲು, ಬೆಳೆಯ ತಳಿ, ಕಸುಬು, ಮಿತಿ ಮುಂತಾದ ಅರ್ಥಗಳಲ್ಲಿ ಇದು ಬಳಕೆಯಾಗುತ್ತದೆ. ಒಂದೇ ಪದಕ್ಕೆ ಪರಸ್ಪರ ಸಂಬಂಧವುಳ್ಳ ಹಲವು ಅರ್ಥಗಳಿರುವುದನ್ನು ಭಾಷಾಶಾಸ್ತ್ರದಲ್ಲಿ ಬಹ್ವರ್ಥತೆ ಎನ್ನುತ್ತಾರೆ. ಈ ಲೇಖನದ ಉದಾಹರಣೆಗಳು ಹೆಚ್ಚಾಗಿ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಭಾಗಗಳಿಗೆ ಸಂಬಂಧಿಸಿದವು. ಮಲೆನಾಡಿನ ಸೆರಗು ಮತ್ತು ಬಯಲುಸೀಮೆ ಕೂಡುವ ಈ ಪ್ರದೇಶದಲ್ಲಿ ಕೃಷಿ, ವಿದ್ಯುತ್, ರೈಲು, ಪಡಿತರ ಹೀಗೆ ಪದದ ಬಹುತೇಕ ಅರ್ಥಗಳು ಒಟ್ಟಿಗೆ ಕೇಳಸಿಗುತ್ತವೆ.

ಕನ್ನಡದಲ್ಲಿ ಈ ಪದದ ಅರ್ಥಗಳು ಒಂದರಿಂದ ಒಂದು ಕವಲೊಡೆದು ಬೆಳೆದವಲ್ಲ. ಶಾಲೆ, ರೈಲ್ವೆ, ಪೊಲೀಸು, ವಿದ್ಯುತ್ ಮಂಡಳಿ, ಬೀಜದ ಕಂಪನಿ, ಪಡಿತರ ಕಚೇರಿ ಇವುಗಳಲ್ಲಿ ಪ್ರತಿಯೊಂದೂ ತನ್ನ ಪಾಲಿನ ಲೈನನ್ನು ಬೇರೆ ಬೇರೆ ಕಾಲದಲ್ಲಿ ತಂದಿತು. ಆದುದರಿಂದ ಇಂಗ್ಲಿಷ್ ಮಾತನಾಡುವವನಿಗೆ ಒಂದೇ ಎನಿಸುವ ಪದ ಕನ್ನಡಿಗನಿಗೆ ಎಂಟು ಹತ್ತು ಬಿಡಿ ಪದಗಳಂತೆ ತೋರುತ್ತದೆ.

ವ್ಯುತ್ಪತ್ತಿ

ಲ್ಯಾಟಿನ್ ಭಾಷೆಯಲ್ಲಿ ಲೀನುಮ್ ಎಂದರೆ ಅಗಸೆ ಗಿಡ. ಅದರ ನಾರಿನಿಂದ ಮಾಡಿದ ದಾರಕ್ಕೆ ಲೀನಿಯ ಎಂಬ ಹೆಸರಿತ್ತು. ಬಡಗಿ ಮತ್ತು ಗಾರೆ ಕೆಲಸಗಾರರು ದಾರವನ್ನು ಬಿಗಿಯಾಗಿ ಎಳೆದು ನೇರವನ್ನು ಗುರುತಿಸುತ್ತಾರೆ. ಹೀಗೆ ದಾರದ ಹೆಸರು ಗೆರೆಗೂ ಬಂದಿತು. ಹಳೆಯ ಇಂಗ್ಲಿಷಿನಲ್ಲಿ ಹಗ್ಗ ಎಂಬ ಅರ್ಥದಲ್ಲಿದ್ದ ರೂಪವೂ ಫ್ರೆಂಚಿನ ಮೂಲಕ ಬಂದ ಲಿಗ್ನ್ ಎಂಬ ರೂಪವೂ ಬೆರೆತು ಇಂದಿನ ಲೈನ್ ಆಯಿತು. ಲಿನನ್ ಬಟ್ಟೆ, ನೆಲಕ್ಕೆ ಹಾಸುವ ಲಿನೋಲಿಯಂ ಎಂಬ ಹೆಸರುಗಳೂ ಅದೇ ಬೇರಿನವು. ದರ್ಜಿಗಳು ಕುಪ್ಪಸದ ಒಳಗೆ ಕೊಡುವ ಲೈನಿಂಗ್ ಸಹ ಮೂಲದಲ್ಲಿ ಅಗಸೆ ನಾರಿನ ಬಟ್ಟೆಯನ್ನೇ ಸೂಚಿಸುತ್ತಿತ್ತು.

ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಜೊತೆಗಿರುವ ಅಗಸಿ ಚಟ್ನಿಯ ಬೀಜವೂ ಈ ಗಿಡದ್ದೇ. ಇದೇ ಸೀಮೆಯ ಕನ್ನಡದಲ್ಲಿ ಅಗಸಿ ಎಂದರೆ ಊರ ಬಾಗಿಲು ಎಂಬ ಇನ್ನೊಂದು ಅರ್ಥವಿದೆ. ಆದರೆ ಗಿಡಕ್ಕೂ ಬಾಗಿಲಿಗೂ ಅರ್ಥಸಂಬಂಧವಿಲ್ಲದುದರಿಂದ ಅದನ್ನು ಬಹ್ವರ್ಥತೆ ಎನ್ನುವುದಿಲ್ಲ. ಸಮಾನ ರೂಪದ ಎರಡು ಪದಗಳೆಂದು ಎಣಿಸಲಾಗುತ್ತದೆ. ಲೈನಿನ ಅರ್ಥಗಳಾದರೋ ಎಷ್ಟೇ ದೂರ ಸರಿದರೂ ಎಳೆದ ದಾರದ ನೆನಪನ್ನು ಉಳಿಸಿಕೊಂಡಿವೆ.

ಬರವಣಿಗೆ ಮತ್ತು ಗಣಿತ

ಮಕ್ಕಳಿಗೆ ಈ ಪದ ಮೊದಲು ಎದುರಾಗುವುದು ಶಾಲೆಯಲ್ಲಿ. ಕನ್ನಡ ಅಕ್ಷರ ತಿದ್ದಲು ಎರಡು ಲೈನಿನ ಪುಸ್ತಕ, ಇಂಗ್ಲಿಷಿಗೆ ನಾಲ್ಕು ಲೈನಿನ ಪುಸ್ತಕ, ಬೆಳಗಿನ ಪ್ರಾರ್ಥನೆಗೆ ಲೈನಿನಲ್ಲಿ ನಿಲ್ಲುವುದು ಇವೆಲ್ಲ ಒಂದನೆಯ ತರಗತಿಯ ಮಾತುಗಳು. ಗದ್ಯಪದ್ಯಗಳ ಲೈನಿಗೆ ಕನ್ನಡದಲ್ಲಿ ಸಾಲು, ಪಂಕ್ತಿ, ಪಾದ ಎಂಬ ಪದಗಳಿವೆ. ಇವುಗಳಲ್ಲಿ ಪಾದವು ಛಂದಸ್ಸಿನ ಅಳತೆ, ಸಾಲು ಬರೆದ ಹಾಳೆಯ ಅಥವಾ ಕಲ್ಲಿನ ಅಳತೆ. ಆದುದರಿಂದ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ ಎನ್ನುತ್ತಾರೆಯೇ ಹೊರತು 16 ಪಾದಗಳಿವೆ ಎನ್ನುವುದಿಲ್ಲ. ಇಂಗ್ಲಿಷ್ ಈ ಎರಡಕ್ಕೂ ಒಂದೇ ಪದವನ್ನು ಬಳಸುವುದರಿಂದ ಅನುವಾದಕರು ಇಲ್ಲಿ ಎಡವುವುದುಂಟು.

ರೇಖಾಗಣಿತದಲ್ಲಿ ರೇಖೆಗೆ ಎರಡೂ ಕಡೆ ಕೊನೆಯಿಲ್ಲ. ಎರಡು ಬಿಂದುಗಳ ನಡುವಿನ ತುಂಡು ರೇಖಾಖಂಡ. ಅಳತೆಪಟ್ಟಿ ಇಟ್ಟು ವಿದ್ಯಾರ್ಥಿ ಎಳೆಯುವ ಲೈನು ಈ ಲೆಕ್ಕದಲ್ಲಿ ಯಾವಾಗಲೂ ಖಂಡವೇ ಆಗಿರುತ್ತದೆ.

ಸರದಿ

ಜನರು ಒಬ್ಬರ ಹಿಂದೊಬ್ಬರು ನಿಂತ ಸಾಲಿಗೆ ಉತ್ತರ ಕರ್ನಾಟಕದ ಮಾತು ಪಾಳಿ ಅಥವಾ ಪಾಳೆ. ಪಾಳಿ ಹಚ್ಚುವುದು ಎಂದರೆ ಸರದಿಯಲ್ಲಿ ನಿಲ್ಲುವುದು. ಕ್ರಿಯಾಪದವನ್ನು ಹಾಗೆಯೇ ಉಳಿಸಿಕೊಂಡು ನಾಮಪದವನ್ನಷ್ಟೇ ಬದಲಿಸಿದ ಲೈನ್ ಹಚ್ಚು ಎಂಬ ರೂಪ ಈಗ ಸಾಮಾನ್ಯವಾಗಿದೆ. ಪಾಳಿಗೆ ಕಾರ್ಖಾನೆಯ ಪಾಳಿ, ಒಬ್ಬೊಬ್ಬರಿಗೆ ಬರುವ ಸರತಿ ಎಂಬ ಕಾಲಸೂಚಕ ಅರ್ಥಗಳೂ ಇವೆ. ಲೈನಿಗೆ ಕಾಲದ ಅರ್ಥವಿಲ್ಲ. ನನ್ನ ಪಾಳಿ ಬಂತು ಎನ್ನುವ ಕಡೆ ನನ್ನ ಲೈನ್ ಬಂತು ಎಂದು ಯಾರೂ ಹೇಳುವುದಿಲ್ಲ.

ಜಿಲ್ಲೆಯ ಇತ್ತೀಚಿನ ಇತಿಹಾಸದಲ್ಲಿ ಈ ಅರ್ಥಕ್ಕೆ ಕಹಿಯಾದ ನೆನಪೊಂದು ಅಂಟಿಕೊಂಡಿದೆ. ಮುಂಗಾರು ಬಿತ್ತನೆಯ ಹೊತ್ತಿಗೆ ರಸಗೊಬ್ಬರದ ಕೊರತೆಯಾಗಿ ರೈತರು ಅಂಗಡಿಗಳ ಮುಂದೆ ಸಾಲುಗಟ್ಟಿದ್ದ 2008ರ ಜೂನ್ 10ರಂದು ಹಾವೇರಿ ನಗರದಲ್ಲಿ ಪೊಲೀಸರು ಗೋಲಿಬಾರು ನಡೆಸಿದರು. ಇಬ್ಬರು ರೈತರು ಮೃತಪಟ್ಟರು. ಬಿತ್ತನೆಯ ಹದ ತಪ್ಪಿದರೆ ಇಡೀ ಹಂಗಾಮು ತಪ್ಪುತ್ತದೆ. ಗೊಬ್ಬರದ ಲೈನಿನಲ್ಲಿ ನಿಂತವನ ಆತಂಕ ಚಿತ್ರಮಂದಿರದ ಲೈನಿನಲ್ಲಿ ನಿಂತವನಿಗೆ ಇರುವಂಥದಲ್ಲ.

ಹೊಲ, ಬಿತ್ತನೆ ಮತ್ತು ಬೀಜ

ಕೃಷಿ ಇಲಾಖೆಯ ತರಬೇತಿಗಳಲ್ಲಿ ಲೈನ್ ಬಿತ್ತನೆ, ಲೈನ್ ನಾಟಿ ಎಂಬ ಮಾತುಗಳು ಕೇಳಿಬರುತ್ತವೆ. ಚೆಲ್ಲಿ ಬಿತ್ತುವ ಅಥವಾ ಅಡ್ಡಾದಿಡ್ಡಿ ನೆಡುವ ಪದ್ಧತಿಯಿರುವ ಕಡೆ ಇದು ಹೊಸ ಸಲಹೆಯಾಗಿರಬಹುದು. ಹಾನಗಲ್ ಭಾಗದಲ್ಲಿ ಮಾತ್ರ ಮುಂಗಾರಿನ ಆರಂಭದ ಮಳೆಗೆ ಭತ್ತವನ್ನು ಸಹ ಕೂರಿಗೆಯಿಂದ ಸಾಲಾಗಿ ಬಿತ್ತುವ ವಾಡಿಕೆ ಮೊದಲಿನಿಂದ ಇದೆ. ಸಾಲು ನೇರವಾಗಿದ್ದರಷ್ಟೇ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯಲು ಸಾಧ್ಯ. ವಸ್ತು ಮೊದಲೇ ಇದ್ದಲ್ಲಿಗೆ ಹೆಸರು ಆಮೇಲೆ ಬಂದುದಕ್ಕೆ ಇದು ಒಳ್ಳೆಯ ನಿದರ್ಶನ. ರೈತರ ಮಾತಿನಲ್ಲಿ ಇಂದಿಗೂ ಅದು ಸಾಲೇ. ಇಳಿಜಾರಿಗೆ ಅಡ್ಡಲಾಗಿ ಒಂದೇ ಎತ್ತರದ ಬಿಂದುಗಳನ್ನು ಕೂಡಿಸಿ ಹಾಕುವ ಕಂಟೂರ್ ಲೈನಿಗೆ ಕನ್ನಡದಲ್ಲಿ ಸಮಪಾತಳಿ ರೇಖೆ ಎಂಬ ಪದವಿದೆ. ಆ ರೇಖೆಯ ಗುಂಟ ಹಾಕಿದ ಒಡ್ಡು ಸಮಪಾತಳಿ ಬದು.

ಬೀಜೋತ್ಪಾದನೆಯಲ್ಲಿ ಪದಕ್ಕೆ ಬೇರೆಯೇ ಅರ್ಥವಿದೆ. ಹಾವೇರಿ ಜಿಲ್ಲೆಯಲ್ಲಿ ಹತ್ತಿ ಮತ್ತು ತರಕಾರಿಗಳ ಸಂಕರಣ ಬೀಜವನ್ನು ಕಂಪನಿಗಳಿಗಾಗಿ ಬೆಳೆದುಕೊಡುವ ರೈತರು ಬಹಳ. ಇಲ್ಲಿ ಲೈನ್ ಎಂದರೆ ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದಂತೆ ಕಾಯ್ದುಕೊಂಡು ಬಂದ ತಂದೆ ಅಥವಾ ತಾಯಿ ತಳಿ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ 1981ರಲ್ಲಿ ಬಿಡುಗಡೆಯಾದ ಡಿಸಿಎಚ್-32 ಎಂಬ ಹತ್ತಿ, ಅಂದರೆ ಜಯಲಕ್ಷ್ಮಿ, ಇಂಥ ಎರಡು ತಳಿಗಳ ಸಂಕರ. ಹತ್ತಿಯಲ್ಲಿ ಹೆಣ್ಣು ಸಾಲಿನ ಮೊಗ್ಗಿನಿಂದ ಹಿಂದಿನ ಸಂಜೆ ಕೇಸರಗಳನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಮುಟ್ಟಿಸುತ್ತಾರೆ. ಈ ಕೆಲಸಕ್ಕೆ ಹೊಲದಲ್ಲಿ ಕ್ರಾಸಿಂಗ್ ಎಂದೇ ಹೆಸರು. ಜೋಳದಲ್ಲಿ ಕೈಕೆಲಸ ಸಾಧ್ಯವಿಲ್ಲದ ಕಾರಣ ಎ ಲೈನ್, ಬಿ ಲೈನ್, ಆರ್ ಲೈನ್ ಎಂಬ ಮೂರು ತಳಿಗಳ ವ್ಯವಸ್ಥೆ ಬೇಕಾಗುತ್ತದೆ. ಎ ಲೈನಿನ ಪರಾಗ ಬಂಜೆ. ಬಿ ಲೈನು ಅದರ ಬೀಜವನ್ನು ಉಳಿಸಿಕೊಡುತ್ತದೆ. ಆರ್ ಲೈನಿನೊಡನೆ ಕೂಡಿಸಿದಾಗ ರೈತರಿಗೆ ಮಾರುವ ಸಂಕರಣ ಬೀಜ ಸಿಗುತ್ತದೆ. 1964ರಲ್ಲಿ ಬಿಡುಗಡೆಯಾದ ಭಾರತದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಹೀಗೆ ಬಂದುದು.

ಬೀಜದ ಹೊಲದಲ್ಲಿ ಎರಡು ಅರ್ಥಗಳು ಒಂದೇ ಜಾಗದಲ್ಲಿ ಕೂಡುತ್ತವೆ. ಹೆಣ್ಣು ಲೈನಿನಲ್ಲಿ ಗಂಡು ಲೈನಿನ ಗಿಡವೊಂದು ಬಂದಿದೆ ಎಂದರೆ ಗಿಡ ಬೇರೆ ಸಾಲಿನಲ್ಲಿ ಹುಟ್ಟಿದೆ ಎಂದಷ್ಟೇ ಅಲ್ಲ, ತಳಿಯೇ ಬೆರೆತಿದೆ ಎಂದರ್ಥ. ಅಂಥ ಬೆರಕೆ ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತುಹಾಕದಿದ್ದರೆ ಬೀಜದ ಶುದ್ಧತೆ ಕೆಟ್ಟು, ಪರೀಕ್ಷೆಯಲ್ಲಿ ಇಡೀ ರಾಶಿ ತಿರಸ್ಕೃತವಾಗಬಹುದು.

ವಿದ್ಯುತ್ ಲೈನ್

ಹಳ್ಳಿಗಳಲ್ಲಿ ಯಾವ ವಿಶೇಷಣವೂ ಇಲ್ಲದೆ ಲೈನ್ ಎಂದರೆ ಮೊದಲು ಹೊಳೆಯುವುದು ವಿದ್ಯುತ್ ತಂತಿ. ಹಾವೇರಿ ಸೇರಿದಂತೆ ಏಳು ಜಿಲ್ಲೆಗಳಿಗೆ ವಿದ್ಯುತ್ ಒದಗಿಸುವುದು 2002ರಲ್ಲಿ ಆರಂಭವಾದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಜನರ ಬಾಯಲ್ಲಿ ಹೆಸ್ಕಾಂ. ಉಪಕೇಂದ್ರದಿಂದ ಊರಿನವರೆಗೆ 11 ಸಾವಿರ ವೋಲ್ಟಿನ ಲೈನು ಬರುತ್ತದೆ. ಜನರು ಟಿ.ಸಿ. ಎಂದು ಕರೆಯುವ ಪರಿವರ್ತಕ ಅದನ್ನು ಇಳಿಸಿ, ಮೂರು ಫೇಸಿಗೆ ಸುಮಾರು 400, ಮನೆಯ ಒಂದು ಫೇಸಿಗೆ ಸುಮಾರು 230 ವೋಲ್ಟ್ ಕೊಡುತ್ತದೆ. (ಶಾಲೆ ಬಿಡುವಾಗ ಕೊಡುವ ವರ್ಗಾವಣೆ ಪತ್ರವೂ ಟಿ.ಸಿ.ಯೇ. ಟಿ.ಸಿ. ಸುಟ್ಟಿದೆ ಎಂದರೆ ಯಾವುದು ಎಂದು ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ.)

ತಂತಿಯ ಕೆಲಸಗಾರನಿಗೆ ಲೈನ್‌ಮನ್ ಎಂಬ ಹೆಸರು ಎಲ್ಲೆಡೆ ಇದೆ. ಕಡತಗಳಲ್ಲಿ ಮಾರ್ಗದಾಳು ಎಂಬ ಕನ್ನಡ ಪದವಿದ್ದು, ಇತ್ತೀಚಿನ ನೇಮಕಾತಿಗಳಲ್ಲಿ ಪವರ್‌ಮ್ಯಾನ್ ಎಂಬ ಹೆಸರು ಬಂದಿದೆ. ಮಾರ್ಗದಾಳು ಚೆಲುವಾದ ರಚನೆಯಾದರೂ ಕಚೇರಿಯ ಗೋಡೆ ದಾಟಿ ಹೊರಬರಲಿಲ್ಲ.

ವಿದ್ಯುತ್ ಪೂರೈಕೆ ನಿಂತರೆ ಲೈನ್ ಹೋಯಿತು ಎನ್ನುವವರಿಗಿಂತ ಲೈಟ್ ಹೋತು, ಕರೆಂಟ್ ಹೋತು ಎನ್ನುವವರೇ ಹೆಚ್ಚು. ಲೈನ್ ಎಂಬುದು ತಂತಿಯ ಹೆಸರೇ ಹೊರತು ಅದರಲ್ಲಿ ಹರಿಯುವುದರ ಹೆಸರಲ್ಲ. ಗಾಳಿಮಳೆಗೆ ಹರಿದು ಬಿದ್ದ ತಂತಿಯನ್ನು ಕುರಿತು ಲೈನ್ ಬಿದ್ದಿದೆ ಎಂದಾಗ ಅದರಲ್ಲಿ ವಿದ್ಯುತ್ ಇದೆಯೋ ಇಲ್ಲವೋ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ. ಇಲ್ಲವೆಂದು ಖಚಿತವಾಗುವವರೆಗೆ ಇದೆಯೆಂದೇ ತಿಳಿದು ದೂರವಿರಬೇಕು.

ರೈಲ್ವೆ ಲೈನ್

ಈ ನಾಲ್ಕು ಕಡೆಗಳಲ್ಲಿ ರೈಲು ಹಾದುಹೋಗುವುದು ಸವಣೂರು ತಾಲ್ಲೂಕಿನಲ್ಲಿ ಮಾತ್ರ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಹುಬ್ಬಳ್ಳಿ–ಹರಿಹರ ಮಾರ್ಗ ಯಲವಿಗಿಯ ಮೂಲಕ ಹಾವೇರಿಯ ಕಡೆಗೆ ಸಾಗುತ್ತದೆ. ಮೀಟರ್ ಗೇಜಿನ ಈ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜಿಗೆ ಪರಿವರ್ತನೆಯಾಯಿತು. ಹಾನಗಲ್ ಮತ್ತು ಹಿರೇಕೆರೂರಿನವರಿಗೆ ರೈಲ್ವೆ ಲೈನ್ ಎಂದರೆ ಪೂರ್ವಕ್ಕೆ ಪ್ರಯಾಣ ಮಾಡಿ ತಲುಪಬೇಕಾದ ಜಾಗ. ಹಳಿಯೆಂಬ ಕನ್ನಡ ಪದ ಕಬ್ಬಿಣದ ಕಂಬಿಗಷ್ಟೇ ಅನ್ವಯಿಸುತ್ತದೆ. ಲೈನ್ ಎಂದಾಗ ಹಳಿ, ನಿಲ್ದಾಣ, ಊರಿಂದೂರಿಗೆ ಹೋಗುವ ದಾರಿ ಎಲ್ಲವೂ ಸೇರುತ್ತವೆ.

ಲೈನ್ ಕ್ಲಿಯರ್

ರೈಲ್ವೆ ಮತ್ತು ವಿದ್ಯುತ್ ಇಲಾಖೆಗಳೆರಡರಲ್ಲೂ ಲೈನ್ ಕ್ಲಿಯರ್ ಎಂಬ ಪಾರಿಭಾಷಿಕ ಪದವಿದೆ. ಅಕ್ಷರಗಳು ಒಂದೇ, ಫಲ ತದ್ವಿರುದ್ಧ.

ರೈಲ್ವೆಯಲ್ಲಿ ಒಂದು ನಿಲ್ದಾಣದ ಅಧಿಕಾರಿ ಮುಂದಿನ ನಿಲ್ದಾಣವನ್ನು ಲೈನ್ ಕ್ಲಿಯರ್ ಕೇಳುತ್ತಾನೆ. ನಡುವಿನ ಹಳಿಯಲ್ಲಿ ಬೇರೆ ಗಾಡಿಯಿಲ್ಲ, ನಿಮ್ಮ ಗಾಡಿಯನ್ನು ಕಳುಹಿಸಬಹುದು ಎಂಬುದು ಅದಕ್ಕೆ ಬರುವ ಒಪ್ಪಿಗೆ. ಒಂಟಿ ಹಳಿಯ ಕಾಲದಲ್ಲಿ ಈ ಒಪ್ಪಿಗೆಯ ಗುರುತಾಗಿ ಚಾಲಕನ ಕೈಗೆ ಲೋಹದ ಟೋಕನ್ ಕೊಡುತ್ತಿದ್ದರು. ಅದಿಲ್ಲದೆ ಗಾಡಿ ಹೊರಡುವಂತಿರಲಿಲ್ಲ. ಇಲ್ಲಿ ಲೈನ್ ಕ್ಲಿಯರ್ ಸಿಕ್ಕಿತೆಂದರೆ ಗಾಡಿ ಬರುತ್ತದೆ, ಹಳಿಯ ಮೇಲೆ ಯಾರೂ ಇರಬಾರದು.

ವಿದ್ಯುತ್ ಕೆಲಸದಲ್ಲಿ ಲೈನ್ ಕ್ಲಿಯರ್, ಸಂಕ್ಷಿಪ್ತವಾಗಿ ಎಲ್‌.ಸಿ., ಎಂದರೆ ಲೈನಿನಲ್ಲಿ ವಿದ್ಯುತ್ ಕಡಿದಿದೆ, ಮನುಷ್ಯ ಕಂಬ ಹತ್ತಬಹುದು ಎಂಬ ಅನುಮತಿ. ಕೆಲಸ ಮಾಡುವವನು ಉಪಕೇಂದ್ರಕ್ಕೆ ತಿಳಿಸಿ ಯಾವ ಫೀಡರ್, ಯಾವ ಭಾಗ ಎಂದು ಬರೆಸಬೇಕು. ಅಲ್ಲಿನ ಸಿಬ್ಬಂದಿ ಬ್ರೇಕರ್ ತೆಗೆದು, ಐಸೋಲೇಟರ್ ಬಿಡಿಸಿ, ಸಮಯವನ್ನು ದಾಖಲೆ ಪುಸ್ತಕದಲ್ಲಿ ನಮೂದಿಸಿ ಎಲ್‌.ಸಿ. ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಪಡೆದವನೇ ಹಿಂದಿರುಗಿಸಬೇಕು. ಒಂದೇ ಫೀಡರಿನ ಮೇಲೆ ಇಬ್ಬರು ಎಲ್‌.ಸಿ. ಪಡೆದಿದ್ದರೆ ಇಬ್ಬರೂ ಹಿಂದಿರುಗಿಸದ ಹೊರತು ವಿದ್ಯುತ್ ಹರಿಸುವಂತಿಲ್ಲ. ಲೈನ್ ಕ್ಲಿಯರ್ ಸಿಕ್ಕಿದ ಮೇಲೂ ತಂತಿಯನ್ನು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿ ಭೂಸಂಪರ್ಕ ಕೊಡಬೇಕೆಂಬುದು ನಿಯಮ. ಯಾವುದಾದರೂ ಅಂಗಡಿಯ ಜನರೇಟರಿನಿಂದ ಅಥವಾ ಬೇರೆ ಫೀಡರಿನಿಂದ ವಿದ್ಯುತ್ ಹಿಮ್ಮುಖವಾಗಿ ಬರುವ ಸಂಭವವಿರುವುದರಿಂದ ಈ ಎಚ್ಚರಿಕೆ.

ತೊಂದರೆ ಇರುವುದು ಆಡುಮಾತಿನಲ್ಲಿ. ಲೈನ್ ಕ್ಲಿಯರ್ ಆಯಿತು ಎಂದರೆ ಸಾಮಾನ್ಯ ಕನ್ನಡದಲ್ಲಿ ಅಡಚಣೆ ಕಳೆಯಿತು, ಇನ್ನು ಮುಂದುವರಿಯಬಹುದು ಎಂದರ್ಥ. ಅದು ರೈಲ್ವೆಯಿಂದ ಬಂದ ಅರ್ಥ. ಫೋನಿನಲ್ಲಿ ಈ ಮಾತನ್ನು ಕೇಳಿದವನು ಕೆಲಸ ಮುಗಿದು ತಂತಿಯ ಮೇಲಿನ ಅಡ್ಡಿ ನಿವಾರಣೆಯಾಗಿದೆ ಎಂದು ತಿಳಿಯಬಹುದು. ಹೇಳಿದವನು ತನಗೆ ಅನುಮತಿ ದೊರೆತು ಕೆಲಸ ಆರಂಭವಾಗಿದೆ ಎಂದು ಹೇಳಿರಬಹುದು. ಎಲ್‌.ಸಿ. ತೆಗೆದುಕೊಂಡೆ, ಎಲ್‌.ಸಿ. ವಾಪಸ್ ಮಾಡಿದೆ ಎಂದು ಕ್ರಿಯಾಪದ ಸಮೇತ ಹೇಳಿ, ಹೆಸರು ಮತ್ತು ಸಮಯದೊಡನೆ ಬರೆದಿಡುವ ಕ್ರಮ ವ್ಯರ್ಥ ಔಪಚಾರಿಕತೆಯಲ್ಲ. ಪದವೊಂದರ ಎರಡು ಅರ್ಥಗಳ ನಡುವೆ ಮನುಷ್ಯನ ಜೀವ ಸಿಕ್ಕಿಕೊಳ್ಳಬಹುದಾದ ಜಾಗವಿದು.

ವಸತಿ

ಬ್ರಿಟಿಷರ ಕಾಲದಲ್ಲಿ ಸೈನಿಕರಿಗೂ ಪೊಲೀಸರಿಗೂ ಸಾಲಾಗಿ ಕಟ್ಟಿಸಿದ ಮನೆಗಳಿಗೆ ಲೈನ್ಸ್ ಎಂಬ ಹೆಸರಿತ್ತು. ಪೊಲೀಸ್ ಲೈನ್ ಎಂಬ ಮಾತು ಅದರಿಂದ ಉಳಿದುಬಂದಿದೆ. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅಲ್ಲಿಯವರೆಗೆ ಈ ತಾಲ್ಲೂಕುಗಳವರು ಜಿಲ್ಲಾ ಕಚೇರಿಗೆ ಧಾರವಾಡಕ್ಕೆ ಹೋಗಬೇಕಿತ್ತು. ಹಾಗೆ ಹೋದವರು ಪೇಢೆ ತರುತ್ತಿದ್ದ ಲೈನ್ ಬಜಾರ್ ಇಂದಿಗೂ ಆ ಹೆಸರಿನಲ್ಲೇ ಇದೆ. ಕೊಡಗಿನ ಕಾಫಿ ತೋಟಗಳಲ್ಲಿ ಕಾರ್ಮಿಕರ ಸಾಲುಮನೆಗಳಿಗೆ ಲೈನ್ ಮನೆ ಎನ್ನುತ್ತಾರೆ. ಹಾವೇರಿ ಕಡೆಯ ಹಳ್ಳಿಗಳಲ್ಲಿ ಅಂಥ ತೋಟಗಳಿಲ್ಲ, ಪದವೂ ಇಲ್ಲ.

ಬಡತನ ರೇಖೆ

ಕಣ್ಣಿಗೆ ಕಾಣದ ಲೈನುಗಳಲ್ಲಿ ಹೆಚ್ಚು ಜನರ ಬದುಕನ್ನು ಮುಟ್ಟಿದ್ದು ಬಿಪಿಎಲ್ ಎಂಬ ಮೂರಕ್ಷರದ ಕೊನೆಯ ಅಕ್ಷರ. ಬಡತನ ರೇಖೆಗಿಂತ ಕೆಳಗೆ ಎಂಬುದು ಅದರ ಅರ್ಥ. ಇಲ್ಲಿ ಲೈನ್ ಎಂದರೆ ಮಿತಿ. ತೆಂಡೂಲ್ಕರ್ ಸಮಿತಿಯ ವಿಧಾನದಂತೆ ಯೋಜನಾ ಆಯೋಗ 2011–12ಕ್ಕೆ ಲೆಕ್ಕಹಾಕಿದ ರಾಷ್ಟ್ರಮಟ್ಟದ ರೇಖೆ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ, ನಗರದಲ್ಲಿ 1,000 ರೂಪಾಯಿ ಖರ್ಚಿನಷ್ಟಿತ್ತು.

ಆದರೆ ಪಡಿತರ ಚೀಟಿಯ ಬಿಪಿಎಲ್ ಈ ರೇಖೆಯಲ್ಲ. ಕರ್ನಾಟಕದಲ್ಲಿ ಅದಕ್ಕೆ ಬೇರೆ ಮಾನದಂಡಗಳಿವೆ: ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿದವರು, 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇರುವವರು, ಆದಾಯ ತೆರಿಗೆ ಕಟ್ಟುವವರು ಮುಂತಾದವರು ಅನರ್ಹರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಿಪಿಎಲ್ ಎಂಬ ವರ್ಗವನ್ನೇ ಕೈಬಿಟ್ಟು ಆದ್ಯತಾ ಕುಟುಂಬ ಎಂಬ ಹೆಸರನ್ನು ತಂದಿತು. ಹೆಸರು ಬದಲಾದರೂ ಜನರ ಮಾತಿನಲ್ಲಿ ಕಾರ್ಡು ಬಿಪಿಎಲ್ ಆಗಿಯೇ ಉಳಿದಿದೆ. ಕಾರ್ಡು ರದ್ದಾದ ಕುಟುಂಬಕ್ಕೆ ತಾನು ಬಡತನದಿಂದ ಮೇಲೆ ಬಂದೆನೆಂದು ಯಾರೋ ತೀರ್ಮಾನಿಸಿದಂತೆ ತೋರುತ್ತದೆ. ವಾಸ್ತವವಾಗಿ ಆದದ್ದು ಅನರ್ಹತೆಯ ಪಟ್ಟಿಯ ಒಂದು ಅಂಶಕ್ಕೆ ಅದು ತಾಗಿದ್ದು. ಎರಡು ಬೇರೆ ರೇಖೆಗಳಿಗೆ ಒಂದೇ ಹೆಸರಿರುವುದರಿಂದ ಪತ್ರಿಕಾ ಚರ್ಚೆಗಳಲ್ಲಿ ಸಹ ಬಡವರ ಸಂಖ್ಯೆಯನ್ನೂ ಕಾರ್ಡುಗಳ ಸಂಖ್ಯೆಯನ್ನೂ ಬೆರೆಸಿ ಮಾತನಾಡುವುದು ಕಂಡುಬರುತ್ತದೆ.

ಕ್ರಿಯಾಪದದಿಂದ ಅರ್ಥನಿರ್ಣಯ

ಇಷ್ಟೊಂದು ಅರ್ಥಗಳಿದ್ದರೂ ಕನ್ನಡದ ಮಾತಿನಲ್ಲಿ ಸಾಮಾನ್ಯವಾಗಿ ಗೊಂದಲವಾಗುವುದಿಲ್ಲ. ಲೈನಿನ ಮುಂದೆ ಬರುವ ಕ್ರಿಯಾಪದವೇ ಬಹಳಷ್ಟು ಕಡೆ ಅರ್ಥವನ್ನು ಹೇಳಿಬಿಡುತ್ತದೆ. ಲೈನ್ ಹಚ್ಚುವುದು ಸರದಿ, ಲೈನ್ ಎಳೆಯುವುದು ತಂತಿ ಅಥವಾ ಗೆರೆ. ಲೈನ್ ಹಿಡಿಯುವುದು ಒಂದು ಕಸುಬನ್ನು ಆರಿಸಿಕೊಳ್ಳುವುದು. ಯಾವ ಲೈನಿನಲ್ಲಿದ್ದೀರಿ ಎಂದರೆ ಉದ್ಯೋಗವೇನು ಎಂದು ಕೇಳಿದಂತೆ. ಲೈನಿಗೆ ಬರುವುದು ಶಿಸ್ತಿಗೆ ಒಳಪಡುವುದು. ಸ್ಥಿರ ದೂರವಾಣಿಯ ಕಾಲದಲ್ಲಿ ಲೈನ್ ಸಿಗುವುದು, ಲೈನ್ ಕಟ್ ಆಗುವುದು ಸಂಪರ್ಕಕ್ಕೆ ಸಂಬಂಧಿಸಿದ ಮಾತುಗಳಾಗಿದ್ದವು. ತಂತಿಯೇ ಇಲ್ಲದ ಮೊಬೈಲಿಗೂ ಅವು ಮುಂದುವರಿದಿವೆ.

ಲೈನ್ ಹೊಡೆಯುವುದು ಮಾತ್ರ ಅಪವಾದ. ಪುಸ್ತಕದ ಅಂಚಿಗೆ ಗೆರೆ ಹಾಕುವುದು ಅದರ ಒಂದು ಅರ್ಥ, ಹುಡುಗಿಯನ್ನೋ ಹುಡುಗನನ್ನೋ ಮೆಚ್ಚಿಸಲು ಹಿಂದೆ ಸುತ್ತುವುದು ಇನ್ನೊಂದು. ಲೈನ್ ಹೊಡೀರಿ ಎಂದು ಶಿಕ್ಷಕರು ಹೇಳಿದಾಗ ಪ್ರೌಢಶಾಲೆಯ ತರಗತಿಗಳಲ್ಲಿ ನಗು ಹರಡುವುದು ಈ ಕಾರಣದಿಂದ. ಎರಡನೆಯ ಅರ್ಥವನ್ನು ಗ್ರಾಂಥಿಕ ಬರವಣಿಗೆಯಲ್ಲಿ ಬಳಸುವುದಿಲ್ಲ.

ಸಮಾಸಪದಗಳಲ್ಲಿ ಪೈಪ್‌ಲೈನ್ ಕೃಷಿಕರಿಗೆ ಚಿರಪರಿಚಿತ. ಕೊಳವೆಬಾವಿಯಿಂದ ಹೊಲಕ್ಕೆ ಹೂಳಿದ ಕೊಳವೆಗಳಿಗೂ, ವರದಾ ನದಿಯ ನೀರೆತ್ತುವ ಏತ ನೀರಾವರಿ ಯೋಜನೆಗಳ ದೊಡ್ಡ ಕೊಳವೆಗಳಿಗೂ ಅದೇ ಹೆಸರು. ಆನ್‌ಲೈನ್, ಹೆಲ್ಪ್‌ಲೈನ್, ಹೆಡ್‌ಲೈನ್ ಮುಂತಾದವು ಬಿಡಿಸಲಾಗದ ಪದಗಳಾಗಿಯೇ ಬಂದಿವೆ. ಅವುಗಳೊಳಗೆ ಲೈನ್ ಇದೆಯೆಂಬುದನ್ನು ಬಳಸುವವರು ಗಮನಿಸುವುದಿಲ್ಲ.

ಬಳಕೆಯಿಲ್ಲದ ಎಡೆಗಳು

ಲೈನ್ ಹೊಕ್ಕದ ಕೆಲವು ಕ್ಷೇತ್ರಗಳೂ ಇವೆ. ಮದುವೆ, ಜಾತ್ರೆಗಳ ಊಟದಲ್ಲಿ ನೆಲದ ಮೇಲೆ ಕುಳಿತವರ ಸಾಲು ಇಂದಿಗೂ ಪಂಕ್ತಿಯೇ. ಎರಡನೆಯ ಪಂಕ್ತಿಗೆ ಕಾಯುತ್ತಿದ್ದೇವೆ ಎನ್ನುತ್ತಾರೆ. ನಿಂತು ಉಣ್ಣುವ ಬಫೆಯಲ್ಲಿ ತಟ್ಟೆ ಹಿಡಿದ ಅದೇ ಜನ ಲೈನಿನಲ್ಲಿರುತ್ತಾರೆ. ಇರುವೆಗಳು ಸಾಲಾಗಿ ಹೋಗುತ್ತವೆ, ಮರಗಳು ಸಾಲುಮರಗಳಾಗುತ್ತವೆ. ಅಂಗೈಯಲ್ಲಿರುವುದು ರೇಖೆ ಅಥವಾ ಗೆರೆ. ಕಬಡ್ಡಿಯಲ್ಲಿ ಬಾಕ್ ಲೈನ್, ಬೋನಸ್ ಲೈನ್ ಎಂಬ ನಿಯಮಪುಸ್ತಕದ ಪದಗಳು ಹಳ್ಳಿಯ ಅಂಗಳಕ್ಕೂ ಬಂದಿವೆ. ಎದುರಾಳಿಗಳು ಆರು ಅಥವಾ ಹೆಚ್ಚು ಮಂದಿ ಇದ್ದಾಗ ಮಾತ್ರ ಬೋನಸ್ ಅಂಕ ಸಿಗುತ್ತದೆಂಬುದು ಹುಡುಗರಿಗೆಲ್ಲ ಗೊತ್ತು. ಆದರೆ ಕುಂಟೆಬಿಲ್ಲೆ ಆಡುವ ಮಕ್ಕಳು ನೆಲದ ಮೇಲೆ ಎಳೆಯುವುದು ಗೆರೆಯನ್ನೇ. ಕಾಲು ತಾಗಿದರೆ ಗೆರಿ ತುಳದಿ ಎಂದೇ ಕೂಗುತ್ತಾರೆ.